ನಮ್ಮ ಊರಿಗೂ ಆ ಸಿನಿಮಾ ಕಳಿಸಿ: ಚಿತ್ರೋತ್ಸವ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಚಿತ್ರೋತ್ಸವಗಳನ್ನು ನಡೆಸುವವರಿಗೆ, ಸರಕಾರಿ ಟಿವಿಯಲ್ಲಿ ಯಾವ ಸಿನಿಮಾ ಯಾವ ಹೊತ್ತಿಗೆ ಅಂತ ತೀರ್ಮಾನ ಮಾಡುವವರಿಗೆ, ಫಿಲಂ ಸೊಸೈಟಿಯ ಗೆಳೆಯರಿಗೆ,

ನಮಸ್ಕಾರ.

ನಾನು ಒಂದು ತಾಲೂಕು ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಕನ್ನಡಕದ ಅಂಗಡಿ ಇಟ್ಟಿದ್ದೇನೆ. 22 ವರ್ಷ ಆಯಿತು. ವರ್ಷಕ್ಕೊಂದು ಸಲ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಾಲ್ಕು ದಿನ ಯಾವುದಾದರೂ ಚಿತ್ರೋತ್ಸವಕ್ಕೆ ಹೋಗಿ ಬರುತ್ತೇನೆ. ನಮ್ಮೂರಿಗೆ ಬಾರದ ಸಿನಿಮಾಗಳನ್ನು ನೋಡುವುದಕ್ಕೆ ನನಗಿರುವ ದಾರಿ ಅದೊಂದೇ.

ಕೆಲವು ವರ್ಷದ ಹಿಂದೆ ಹೀಗೇ ಒಂದು ಉತ್ಸವದಲ್ಲಿ ಬೆಳಗಿನ ಮೊದಲ ಶೋಗೆ ಕೂತಿದ್ದೆ. ದೂರದ ದೇಶವೊಂದರಲ್ಲಿ ನಡೆದ ಕಗ್ಗೊಲೆಯ ಮೇಲಿನ ಸಿನಿಮಾ. ತುಂಬಾ ನಿಧಾನ. ಒಂದೊಂದು ಶಾಟ್ ಮೂರು ನಾಲ್ಕು ನಿಮಿಷ. ಶುರುವಾದಾಗ 60 ಜನ ಇದ್ದೆವು. ಲೈಟ್ ಹಾಕಿದಾಗ ಎಣಿಸಿದೆ, 14 ಜನ ಉಳಿದಿದ್ದೆವು. ಹೊರಗೆ ಕಾರಿಡಾರ್‌ನಲ್ಲಿ ಕೊರಳಿಗೆ ಟ್ಯಾಗ್ ಹಾಕಿಕೊಂಡಿದ್ದ ಒಬ್ಬರು ಸಿಕ್ಕರು. ಇಂಥದ್ದನ್ನು ಬೆಳಿಗ್ಗೆ ಒಂಬತ್ತೂವರೆಗೆ ಯಾಕೆ ಹಾಕುತ್ತೀರಿ, ಸಂಜೆ ಹಾಕಬಹುದಲ್ಲ ಅಂದೆ. ಅವರು ಹೇಳಿದರು: "ಇದೆಲ್ಲ ನಮ್ಮ ಜನಕ್ಕಲ್ಲ ಸಾರ್. ಲ್ಯಾಗ್ ಜಾಸ್ತಿ. ತೋರಿಸಬೇಕು ಅಂತ ತೋರಿಸ್ತೀವಿ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಇನ್ನೂ ಮನಸ್ಸಿಂದ ಹೋಗಿಲ್ಲ. ಬೇರೆ ಕಡೆಯೂ ಅದನ್ನು ಕೇಳುತ್ತಲೇ ಇದ್ದೇನೆ. ಅವಾರ್ಡ್ ಸಿನಿಮಾ, ಅದನ್ನು ನೋಡುವವರೇ ಬೇರೆ ಅಂತ. ಲಕ್ಷಗಟ್ಟಲೆ ಜನ ಸತ್ತ ಕಥೆಯನ್ನು ಇಷ್ಟು ನಿಧಾನವಾಗಿ ಹೇಳಿದರೆ ಯಾರು ಕೂತು ನೋಡುತ್ತಾರೆ ಅಂತ. ಕೊನೆಗೆ ನೋಡುವುದು ವಿಷಯ ಮೊದಲೇ ಗೊತ್ತಿರುವ ನಾಲ್ಕು ಜನ ಅಂತ. ನೋಡುವವರು ನಾಲ್ಕೇ ಜನ ಅನ್ನುವುದು ನಿಜ. ಅದಕ್ಕೆ ಕಾರಣ ನಿಧಾನ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅಂತ ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮತ್ತೆ ಮತ್ತೆ ನೋಡಿರುವ ಒಂದು ಸಿನಿಮಾದಿಂದ ಶುರು ಮಾಡುತ್ತೇನೆ. ಜೋಶುವಾ ಆಪನ್‌ಹೈಮರ್ 2014ರಲ್ಲಿ ಮಾಡಿದ 'ದಿ ಲುಕ್ ಆಫ್ ಸೈಲೆನ್ಸ್'. ಇಂಡೊನೇಷ್ಯಾದಲ್ಲಿ ಅದಕ್ಕೆ 'ಸೆನ್ಯಾಪ್' ಅಂತ ಹೆಸರು. ಸದ್ದಿಲ್ಲದ್ದು, ಮೌನ ಅಂತ ಅರ್ಥ. ಕಟ್ಟುಕಥೆ ಅಲ್ಲ, ಸಾಕ್ಷ್ಯಚಿತ್ರ. ಅದರಲ್ಲಿ ಬರುವ ಆದಿ ರುಕುನ್ ನನ್ನ ಕಸುಬಿನವನು. ಉತ್ತರ ಸುಮಾತ್ರಾದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು. ಅವನು ಹುಟ್ಟುವ ಮೊದಲೇ ಅವನ ಅಣ್ಣ ರಾಮ್ಲಿಯನ್ನು ಕೊಂದಿದ್ದರು. ಕೊಂದವರು ಅದೇ ಸುತ್ತಿನ ಊರುಗಳವರು. ಒಬ್ಬರೂ ಜೈಲಿಗೆ ಹೋಗಲಿಲ್ಲ. ಒಬ್ಬ ಅಲ್ಲಿನ ಶಾಸನಸಭೆಯಲ್ಲೇ ಕೂತಿದ್ದ.

ಆಗಿದ್ದು ಇಷ್ಟು. 1965ರ ಸೆಪ್ಟೆಂಬರ್ 30ರ ರಾತ್ರಿ ಜಕಾರ್ತದಲ್ಲಿ ಸೇನೆಯ 6 ಮಂದಿ ಜನರಲ್‌ಗಳನ್ನು ಒಂದು ಸಂಚಿನಲ್ಲಿ ಕೊಂದರು. ಸೇನೆ ಅದನ್ನು ಕಮ್ಯುನಿಸ್ಟ್ ಪಕ್ಷದ ತಲೆಗೆ ಕಟ್ಟಿತು. ಸೇನೆಯ ಜನರಲ್ ಸುಹಾರ್ತೊ ಅಧಿಕಾರ ಕೈಗೆ ತೆಗೆದುಕೊಂಡ. ಮುಂದಿನ ತಿಂಗಳುಗಳಲ್ಲಿ ಕಡಿಮೆ ಅಂದರೂ 5 ಲಕ್ಷ ಜನರನ್ನು ಕೊಂದರು. 10 ಲಕ್ಷ ಅನ್ನುವವರೂ ಇದ್ದಾರೆ. ಸಂಘ ಕಟ್ಟಿದ ತೋಟದ ಕೂಲಿಗಳು, ಭೂಮಿ ಕೇಳಿದ ರೈತರು, ಶಾಲೆ ಮೇಷ್ಟರುಗಳು. ಕೊಂದದ್ದು ಸೇನೆ, ಮತ್ತೆ ಸೇನೆ ಬೆನ್ನಿಗೆ ನಿಂತು ಛೂ ಬಿಟ್ಟ ಊರಿನ ಗುಂಪುಗಳು. ಸುಹಾರ್ತೊ 1998ರವರೆಗೆ ಆಳಿದ. ಅಷ್ಟೂ ವರ್ಷ ಸತ್ತವರ ಮನೆಯವರು ಕೊಂದವರ ಪಕ್ಕದಲ್ಲೇ ಬಾಳಬೇಕಾಯಿತು.

ಆದಿ ಒಬ್ಬ ಮುದುಕನ ಮನೆಗೆ ಹೋಗುತ್ತಾನೆ. ಚೀಲದಿಂದ ಕೆಂಪು ಬಣ್ಣದ ಟ್ರಯಲ್ ಫ್ರೇಮ್ ತೆಗೆದು ಅವನ ಮುಖಕ್ಕೆ ಹಾಕುತ್ತಾನೆ. ಕಣ್ಣು ಪರೀಕ್ಷೆ ಮಾಡಿಸಿಕೊಂಡವರಿಗೆಲ್ಲ ಈ ಫ್ರೇಮ್ ಗೊತ್ತು. ದುಂಡಗೆ, ಮೂಗಿನ ಮೇಲೆ ಭಾರವಾಗಿ ಕೂರುತ್ತದೆ. ಅದರಲ್ಲಿ ಒಂದೊಂದೇ ಲೆನ್ಸ್ ಇಡಬೇಕು, ತೆಗೆಯಬೇಕು, ಇನ್ನೊಂದು ಇಟ್ಟು ಕೇಳಬೇಕು, ಈಗ ಹೇಗಿದೆ, ಇದು ಚೆನ್ನಾಗಿ ಕಾಣುತ್ತಾ ಅದಾ ಅಂತ. ಅವಸರ ಮಾಡಿದರೆ ಪವರ್ ತಪ್ಪುತ್ತದೆ. ಕೂತವರು ಅಲುಗಾಡುವ ಹಾಗಿಲ್ಲ. ಆ ಹತ್ತು ನಿಮಿಷದಲ್ಲಿ ನನ್ನ ಅಂಗಡಿಯಲ್ಲಿ ಜನ ಏನೇನೋ ಹೇಳಿಕೊಂಡಿದ್ದಾರೆ. ಸಾಲದ ವಿಷಯ, ಮಗ ಮಾತು ಬಿಟ್ಟ ವಿಷಯ, ಮನೆಯಲ್ಲಿ ಯಾರಿಗೂ ಹೇಳದ ಕಾಯಿಲೆ ವಿಷಯ. ನನ್ನ ಮುಖ ಅವರ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತದೆ. ಆದರೆ ಅವರಿಗೆ ನಾನು ಮಸುಕಾಗಿ ಕಾಣುತ್ತಿರುತ್ತೇನೆ. ಅದಕ್ಕೇ ಅವರಿಗೆ ಮಾತು ಬರುತ್ತದೆ ಅಂತ ನನಗನಿಸುತ್ತದೆ.

ಆದಿ ಅದೇ ಹೊತ್ತಲ್ಲಿ ಮೆಲ್ಲಗೆ ಕೇಳುತ್ತಾನೆ, ಆ ಕಾಲದಲ್ಲಿ ಇಲ್ಲಿ ಏನಾಯಿತು ಅಂತ. ಮುದುಕ ಹೇಳತೊಡಗುತ್ತಾನೆ. ಹೇಗೆ ಕೊಂದೆವು ಅಂತ ಹೇಳುತ್ತಾನೆ. ಸತ್ತವರ ರಕ್ತ ಕುಡಿದರೆ ಹುಚ್ಚು ಹಿಡಿಯುವುದಿಲ್ಲ, ಅದಕ್ಕೆ ಕುಡಿದೆವು ಅಂತಲೂ ಹೇಳುತ್ತಾನೆ. ಆದಿ ಏನೂ ಅನ್ನುವುದಿಲ್ಲ. ಕ್ಯಾಮೆರಾ ಕದಲುವುದಿಲ್ಲ. ಮುದುಕನ ಮುಖದ ಮೇಲೆ ಆ ಕೆಂಪು ಫ್ರೇಮ್ ಹಾಗೇ ಇರುತ್ತದೆ.

ಅಲ್ಲಿ ಯಾರೂ ಮಾತಾಡದೆ ಕಳೆಯುವ ಹೊತ್ತನ್ನು ನಾವು ಲ್ಯಾಗ್ ಅನ್ನುತ್ತೇವೆ. ಅದನ್ನು ಕತ್ತರಿಸಿದರೆ ಸಿನಿಮಾ ಚುರುಕಾಗುತ್ತದೆ, ನಿಜ. ಒಬ್ಬ ಮುದುಕ ಹೇಳಿದ ಭಯಂಕರ ಸುದ್ದಿ ನಮಗೆ ಬೇಗ ಸಿಗುತ್ತದೆ. ಆದರೆ ಅವನ ಬಾಯಿ ಒಣಗುವುದು, ನಗು ನಿಂತುಹೋಗುವುದು, ಈ ಹುಡುಗ ಯಾರು ಅಂತ ಅನುಮಾನ ಬರುವುದು, ಆಮೇಲೆ ರೇಗುವುದು, ಇದ್ಯಾವುದೂ ಸಿಗುವುದಿಲ್ಲ. ಇನ್ನೊಂದು ಮನೆಯಲ್ಲಿ ಕೊಂದವನ ಮಗಳು ಅಪ್ಪನ ಪಕ್ಕದಲ್ಲೇ ಕೂತಿರುತ್ತಾಳೆ. ಅಪ್ಪ ರಕ್ತ ಕುಡಿದದ್ದು ಅವಳಿಗೆ ಗೊತ್ತಾಗುವುದು ಕ್ಯಾಮೆರಾ ಮುಂದೆಯೇ. ಎದುರು ಕೂತಿರುವವನ ಅಣ್ಣನನ್ನು ಕೊಂದಿದ್ದಾರೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನಾವು ಅವಳ ಮುಖವನ್ನೇ ನೋಡುತ್ತಾ ಕೂರುತ್ತೇವೆ. ಕೊನೆಗೆ ಅವಳು ಕ್ಷಮೆ ಕೇಳುತ್ತಾಳೆ. ಆ ಮಾತು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತನ್ನು ಸಿನಿಮಾ ಅವಳಿಗೆ ಕೊಡುತ್ತದೆ.

ಕ್ಲಾದ್ ಲಾಂಜ್ಮನ್ ಮಾಡಿದ 'ಶೋವಾ' ಇದಕ್ಕಿಂತ ಹಳೆಯದು, 1985ರದು. ಒಂಬತ್ತು ಗಂಟೆಗೂ ಜಾಸ್ತಿ ಉದ್ದ. ಹಿಟ್ಲರನ ಕಾಲದಲ್ಲಿ ಯಹೂದಿಗಳನ್ನು ಕೊಂದ ವಿಷಯ. ಅದರಲ್ಲಿ ಹೆಣಗಳ ಹಳೇ ಚಿತ್ರ ಒಂದೂ ಇಲ್ಲ. ಅಬ್ರಹಾಂ ಬೊಂಬಾ ಅನ್ನುವ ಕ್ಷೌರಿಕ ಅದರಲ್ಲಿ ಬರುತ್ತಾನೆ. ಟ್ರೆಬ್ಲಿಂಕಾ ಅನ್ನುವ ನಾಜಿಗಳ ಕೊಲ್ಲುವ ಶಿಬಿರದಲ್ಲಿ, ಸಾಯಲು ಹೊರಟ ಹೆಂಗಸರ ಕೂದಲು ಕತ್ತರಿಸುವ ಕೆಲಸ ಅವನಿಂದ ಮಾಡಿಸಿದ್ದರು. ಸಿನಿಮಾದಲ್ಲಿ ಅವನು ಇಸ್ರೇಲಿನ ಒಂದು ಕಟಿಂಗ್ ಶಾಪಿನಲ್ಲಿ ಒಬ್ಬನ ಕೂದಲು ಕತ್ತರಿಸುತ್ತಾ ಹೇಳುತ್ತಾನೆ. ಒಂದು ಕಡೆ ಮಾತು ನಿಂತುಬಿಡುತ್ತದೆ. ಆಗುವುದಿಲ್ಲ ಅನ್ನುತ್ತಾನೆ. ಕತ್ತರಿ ಆಡುತ್ತಲೇ ಇರುತ್ತದೆ. ನಾವು ಕಾಯುತ್ತೇವೆ. ಕೈಕಸುಬಿನ ಜನಕ್ಕೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಗೆ ಆಗದಿದ್ದಾಗ ಕೈ ಹೇಗೆ ಕೆಲಸ ಮಾಡುತ್ತಿರುತ್ತದೆ ಅಂತ ಅವರಿಗೆ ಗೊತ್ತು. ಇಂಥ ಸಿನಿಮಾ ಓದಿದವರಿಗೆ ಮಾತ್ರ ಅನ್ನುವ ಮಾತು ನನಗೆ ಅರ್ಥವೇ ಆಗುವುದಿಲ್ಲ.

ಈಗ ಉದ್ದ, ನಿಧಾನದ ವಿಷಯಕ್ಕೆ ಬರುತ್ತೇನೆ. ಇಂಡೊನೇಷ್ಯಾದ ಜನ ಒಂದು ಸಿನಿಮಾವನ್ನು ವರ್ಷ ವರ್ಷವೂ ಕೂತು ನೋಡಿದ್ದಾರೆ. ಅದರ ಉದ್ದ ನಾಲ್ಕೂವರೆ ಗಂಟೆ. 1984ರಲ್ಲಿ ಸುಹಾರ್ತೊ ಸರಕಾರವೇ ಮಾಡಿಸಿದ್ದು. ನಿರ್ದೇಶಕ ಅರಿಫಿನ್ ನೂರ್, ನಾಟಕ ಮತ್ತು ಸಿನಿಮಾದಲ್ಲಿ ಒಳ್ಳೆ ಹೆಸರಿದ್ದವರು. 1965ರ ಆ ರಾತ್ರಿ ಕಮ್ಯುನಿಸ್ಟರು ಜನರಲ್‌ಗಳನ್ನು ಹೇಗೆ ಕೊಂದರು ಅನ್ನುವ ಸರಕಾರದ ಕಥೆ ಅದರಲ್ಲಿದೆ. ಆಮೇಲೆ ಸತ್ತ ಲಕ್ಷಾಂತರ ಜನರ ಸುದ್ದಿಯೇ ಇಲ್ಲ. ಸುಹಾರ್ತೊ ಇಳಿಯುವವರೆಗೂ ಪ್ರತಿ ಸೆಪ್ಟೆಂಬರ್ 30ಕ್ಕೆ ಸರಕಾರಿ ಟಿವಿ ಅದನ್ನು ಹಾಕುತ್ತಿತ್ತು. ಶಾಲೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. 2017ರಲ್ಲಿ ಸೇನೆಯ ಮುಖ್ಯಸ್ಥರು ಅದನ್ನು ಮತ್ತೆ ಊರೂರಲ್ಲಿ ತೋರಿಸಿ ಅಂತ ಆದೇಶ ಕೊಟ್ಟರು.

ನಾಲ್ಕೂವರೆ ಗಂಟೆ ಉದ್ದದ ಸಿನಿಮಾ ಒಂದು ಇಡೀ ದೇಶವನ್ನು ತಲುಪಿತು ಅಲ್ವಾ? ಒಂದು ತಲೆಮಾರಿನ ಮಕ್ಕಳ ನೆನಪಿನಲ್ಲಿ ಕೂತಿತು ಅಲ್ವಾ? ಅವರಿಗೆ ಬೇಸರ ಬರಲಿಲ್ಲವೇ, ನಿದ್ದೆ ಬರಲಿಲ್ಲವೇ ಅಂತ ಸರಕಾರ ಕೇಳಲಿಲ್ಲ. ಹೊತ್ತುಕೊಂಡು ಹೋಗಿ ಮನೆಯೊಳಗೆ ಇಟ್ಟಿತು. 'ಸೆನ್ಯಾಪ್'ನಲ್ಲೇ ಒಂದು ತರಗತಿಯ ದೃಶ್ಯ ಇದೆ. ಆದಿಯ ಮಗ ಬೆಂಚಿನ ಮೇಲೆ ಕೂತಿದ್ದಾನೆ. ಮೇಷ್ಟರು ಕಮ್ಯುನಿಸ್ಟರು ಎಷ್ಟು ಕ್ರೂರಿಗಳು ಅಂತ ಪಾಠ ಮಾಡುತ್ತಿದ್ದಾರೆ. ಆ ಹುಡುಗನ ದೊಡ್ಡಪ್ಪನನ್ನು ಕೊಂದದ್ದನ್ನು ಸರಿ ಅನ್ನುವ ಪಾಠ ಅದು. ಸಂಜೆ ಮನೆಯಲ್ಲಿ ಆದಿ ಮಗನಿಗೆ ಅದು ಸುಳ್ಳು ಅಂತ ಹೇಳಬೇಕು. ಆ ದೊಡ್ಡ ಸಿನಿಮಾ, ಆ ಪಾಠಪುಸ್ತಕ ಎಲ್ಲದಕ್ಕೂ ಎದುರಾಗಿ ಒಬ್ಬ ಅಪ್ಪನ ಮಾತು. ಒಂದು ಸುಳ್ಳಿಗೆ ಇಷ್ಟು ಜನ ಹೆಗಲು ಕೊಟ್ಟಾಗ, ನಿಜ ಹೇಳುವ ಸಿನಿಮಾವನ್ನು ನಾವು ಬೆಳಿಗ್ಗೆ ಒಂಬತ್ತೂವರೆಗೆ ಹಾಕಿ ಕೈ ತೊಳೆದುಕೊಂಡರೆ ಆಗುತ್ತದೆಯೇ?

'ಸೆನ್ಯಾಪ್' ತನ್ನ ಜನಕ್ಕೆ ಹೇಗೆ ತಲುಪಿತು ಅನ್ನುವುದನ್ನು ದಯವಿಟ್ಟು ಗಮನಿಸಿ. ಅದಕ್ಕೂ ಮೊದಲು ಅದೇ ನಿರ್ದೇಶಕರ 'ದಿ ಆಕ್ಟ್ ಆಫ್ ಕಿಲ್ಲಿಂಗ್' 2012ರಲ್ಲಿ ಬಂದಿತ್ತು. ಕೊಂದವರೇ ತಾವು ಕೊಂದದ್ದನ್ನು ಕ್ಯಾಮೆರಾ ಮುಂದೆ ನಟಿಸಿ ತೋರಿಸುವ ಸಿನಿಮಾ. ಅದರಲ್ಲಿ ಕೆಲಸ ಮಾಡಿದ ಇಂಡೊನೇಷ್ಯಾದವರ ಹೆಸರು ಕೊನೆಯಲ್ಲಿ ಬರುವುದಿಲ್ಲ. ಸಾಲು ಸಾಲಾಗಿ 'ಅನಾಮಿಕ' ಅಂತ ಬರುತ್ತದೆ. ಜೀವಭಯ. ಥಿಯೇಟರಿಗೆ ಹಾಕುವ ಮಾತೇ ಇರಲಿಲ್ಲ. ಹಾಗಾಗಿ ಮೊದಲಿಗೆ ಪತ್ರಕರ್ತರು, ಲೇಖಕರು, ಬದುಕಿ ಉಳಿದವರು ಇವರನ್ನೆಲ್ಲ ಕರೆದು ತೋರಿಸಿದರು. ಅಲ್ಲಿನ ಮಾನವ ಹಕ್ಕುಗಳ ಆಯೋಗ ಜಾಗ ಕೊಟ್ಟಿತು. ಸಿನಿಮಾ ನೋಡಿದ 'ಟೆಂಪೊ' ಪತ್ರಿಕೆಯವರು ವರದಿಗಾರರನ್ನು ಊರೂರಿಗೆ ಕಳಿಸಿ ಕೊಂದವರನ್ನು ಮಾತಾಡಿಸಿ, 2012ರ ಅಕ್ಟೋಬರ್‌ನಲ್ಲಿ ಒಂದು ಇಡೀ ವಿಶೇಷ ಸಂಚಿಕೆ ತಂದರು. ಆ ವರ್ಷ ಡಿಸೆಂಬರ್ 10ಕ್ಕೆ, ಮಾನವ ಹಕ್ಕುಗಳ ದಿನ, ಹತ್ತಾರು ಊರುಗಳಲ್ಲಿ ಒಂದೇ ದಿನ ತೋರಿಸಿದರು. ಮುಂದಿನ ವರ್ಷ ಇಂಡೊನೇಷ್ಯಾದವರು ಯಾರು ಬೇಕಾದರೂ ಇಂಟರ್ನೆಟ್‌ನಿಂದ ದುಡ್ಡಿಲ್ಲದೆ ಇಳಿಸಿಕೊಳ್ಳಿ ಅಂತ ಬಿಟ್ಟರು.

ಇಷ್ಟು ನೆಲ ಹದ ಮಾಡಿದ ಮೇಲೆ 'ಸೆನ್ಯಾಪ್' ಬಂತು. 2014ರ ನವೆಂಬರ್ 10ಕ್ಕೆ ಜಕಾರ್ತದಲ್ಲಿ ಮೊದಲ ಶೋ. ಈ ಸಲ ಕದ್ದುಮುಚ್ಚಿ ಅಲ್ಲ. ಮಾನವ ಹಕ್ಕುಗಳ ಆಯೋಗ ಮತ್ತು ಜಕಾರ್ತದ ಕಲಾ ಮಂಡಳಿ ಸೇರಿ, ಎಲ್ಲರೂ ಬನ್ನಿ ಅಂತ ಕರೆದು ಮಾಡಿದ ಶೋ. ಬಂದವರು 2,000 ದಾಟಿದರು. ಸಭಾಂಗಣ ಸಾಲಲಿಲ್ಲ, ಇನ್ನೊಂದು ಶೋ ಹಾಕಬೇಕಾಯಿತು. ಆದಿ ವೇದಿಕೆಗೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಿಸೆಂಬರ್ 10ಕ್ಕೆ ಮತ್ತೆ ದೇಶದ ತುಂಬಾ ನೂರಾರು ಕಡೆ. ಕಾಲೇಜುಗಳಲ್ಲಿ, ಮನೆಗಳಲ್ಲಿ. ತೋರಿಸುತ್ತೇವೆ ಅಂದವರಿಗೆ ಡಿವಿಡಿ ಕಳಿಸಿಕೊಟ್ಟಿದ್ದರು. ಕೆಲವು ಕಡೆ ಬೆದರಿಕೆ ಬಂತು, ಶೋ ನಿಲ್ಲಿಸಬೇಕಾಯಿತು. ಆ ತಿಂಗಳ ಕೊನೆಗೆ ಸೆನ್ಸಾರ್ ಮಂಡಳಿ ಸಾರ್ವಜನಿಕವಾಗಿ ತೋರಿಸಬಾರದು ಅಂದಿತು. ಆದಿ ತನ್ನ ಸಂಸಾರವನ್ನು ಕಟ್ಟಿಕೊಂಡು ಊರು ಬಿಟ್ಟು ದೇಶದ ಇನ್ನೊಂದು ಕಡೆಗೆ ಹೋಗಬೇಕಾಯಿತು.

ಅದೇ ನಿಧಾನದ ಸಿನಿಮಾ. ಅದೇ ಸದ್ದಿಲ್ಲದ ದೃಶ್ಯಗಳು. ಅಲ್ಲಿ ಅದಕ್ಕೆ ಜನ ಸಾಲು ನಿಂತರು, ಇನ್ನು ಕೆಲವರು ಅದಕ್ಕೆ ಹೆದರಿ ತಡೆಯಲು ಬಂದರು. ಯಾರಿಗೂ ತಲುಪದ ಸಿನಿಮಾವನ್ನು ನಿಲ್ಲಿಸಲು ಯಾರೂ ಬರುವುದಿಲ್ಲ.

ಇದರಿಂದ ಏನಾಯಿತು ಅಂತ ನೀವು ಕೇಳಬಹುದು. ಯಾರಿಗೂ ಶಿಕ್ಷೆ ಆಗಲಿಲ್ಲ. 2023ರ ಜನವರಿ 11ರಂದು ಅಧ್ಯಕ್ಷ ಜೋಕೊ ವಿಡೊಡೊ, ದೇಶದಲ್ಲಿ ನಡೆದ 12 ದೊಡ್ಡ ಅನ್ಯಾಯಗಳನ್ನು ಹೆಸರಿಸಿ ವಿಷಾದ ಹೇಳಿದರು. 1965ರ ಕೊಲೆಗಳು ಆ ಪಟ್ಟಿಯಲ್ಲಿದ್ದವು. ಅದು ಸಿನಿಮಾದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಮನೆಯವರು ಎಷ್ಟೋ ವರ್ಷ ಬೀದಿಯಲ್ಲಿ ನಿಂತು ಕೇಳಿದ್ದಾರೆ. ಆದರೆ ಊರಲ್ಲಿ ಪಿಸುಮಾತಾಗಿದ್ದುದು ಸಭೆಯಲ್ಲಿ ಗಟ್ಟಿಯಾಗಿ ಆಡುವ ಮಾತಾಯಿತಲ್ಲ, ಅದರಲ್ಲಿ ಈ ಎರಡು ಸಿನಿಮಾದ ಪಾಲು ದೊಡ್ಡದು.

ನನ್ನ ವಾದಕ್ಕೆ ಎದುರಾಗುವ ಒಂದು ಉದಾಹರಣೆಯನ್ನು ನಾನೇ ಹೇಳಿಬಿಡುತ್ತೇನೆ. 1979ರ ಜನವರಿಯಲ್ಲಿ ಪಶ್ಚಿಮ ಜರ್ಮನಿಯ ಟಿವಿಯಲ್ಲಿ 'ಹಾಲೊಕಾಸ್ಟ್' ಅನ್ನುವ ಅಮೆರಿಕದ ಧಾರಾವಾಹಿ ನಾಲ್ಕು ರಾತ್ರಿ ಬಂತು. ನಾಜಿಗಳು ಯಹೂದಿಗಳನ್ನು ಕೊಂದ ಅದೇ ವಿಷಯ. ನಿಧಾನ ಅಲ್ಲವೇ ಅಲ್ಲ. ಎರಡು ಸಂಸಾರಗಳ ಕಥೆ, ಅಳು, ಪ್ರೀತಿ, ಸಂಗೀತ. ಇದು ನಮ್ಮ ನೋವನ್ನು ಅಗ್ಗ ಮಾಡುತ್ತದೆ ಅಂತ ಶಿಬಿರದಿಂದ ಬದುಕಿ ಬಂದವರೇ ಕೆಲವರು ನೊಂದು ಬರೆದಿದ್ದರು. ಆದರೆ ಸುಮಾರು 2 ಕೋಟಿ ಜನ ನೋಡಿದರು. ಅದೇ ವರ್ಷ ಜುಲೈಯಲ್ಲಿ ಅಲ್ಲಿನ ಸಂಸತ್ತು ಕೊಲೆ ಅಪರಾಧಕ್ಕೆ ಇದ್ದ ಕಾಲಮಿತಿಯನ್ನು ತೆಗೆದುಹಾಕಿತು. ನಾಜಿ ಕೊಲೆಗಾರರ ಮೇಲೆ ಮುಂದೆಯೂ ಕೇಸು ಹಾಕಲು ಅದರಿಂದ ದಾರಿಯಾಯಿತು. ಹಾಗಾದರೆ ಜನರನ್ನು ತಲುಪಲು ಮೆಲೊಡ್ರಾಮಾನೇ ಬೇಕು ಅಂತ ಆಗಲಿಲ್ಲವೇ?

ಈ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಕಥೆಯ ವೇಗ ಜನರನ್ನು ಹಿಡಿದು ಕೂರಿಸಿತು, ಅದನ್ನು ಒಪ್ಪುತ್ತೇನೆ. ಅಂಥದ್ದೂ ಬೇಕು, ಅದರ ಮೇಲೆ ನನಗೆ ತಾತ್ಸಾರ ಇಲ್ಲ. ಆದರೆ ಆ ನಾಲ್ಕು ರಾತ್ರಿಯೂ ಕಂತು ಮುಗಿದ ಮೇಲೆ ಟಿವಿಯವರು ಎದ್ದು ಹೋಗಲಿಲ್ಲ. ಇತಿಹಾಸ ಗೊತ್ತಿರುವವರನ್ನು ಸ್ಟುಡಿಯೋದಲ್ಲಿ ಕೂರಿಸಿ, ಫೋನ್ ಮಾಡಿ ಕೇಳಿ ಅಂದರು. ಸಾವಿರಾರು ಫೋನ್ ಬಂತು. ಸಿನಿಮಾ ಮುಗಿದ ಮೇಲೆ ಮನಸ್ಸಲ್ಲಿ ಏಳುವುದನ್ನು ಹೇಳಿಕೊಳ್ಳಲು ಒಂದು ಜಾಗ ಕೊಟ್ಟರು. ನಮ್ಮ ಉತ್ಸವಗಳಲ್ಲಿ ಒಂದು ಶೋ ಮುಗಿದ 15 ನಿಮಿಷಕ್ಕೆ ಇನ್ನೊಂದು. ಕಣ್ಣೊರೆಸಿಕೊಳ್ಳುವುದರೊಳಗೆ ಮುಂದಿನ ಸಾಲಿಗೆ ಓಡಬೇಕು.

ನಮ್ಮ ದೇಶದಲ್ಲೇ ನಡೆದದ್ದೊಂದು ನನಗೆ ನೆನಪಿದೆ. 1988ರಲ್ಲಿ ದೂರದರ್ಶನದಲ್ಲಿ 'ತಮಸ್' ಬಂತು. ಭೀಷ್ಮ ಸಾಹನಿಯವರ ಕಾದಂಬರಿ, ಗೋವಿಂದ ನಿಹಲಾನಿಯವರ ನಿರ್ದೇಶನ, 1947ರ ದೇಶವಿಭಜನೆಯ ಹೊತ್ತಿನ ಗಲಭೆಯ ಕಥೆ. ನನಗಾಗ 11 ವರ್ಷ. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಎರಡು ಮನೆಯಲ್ಲಿ. ರಾತ್ರಿ ಚಾಪೆ ಹಿಡಿದುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದೆವು. ಮೊದಲಲ್ಲಿ ನತ್ಥು ಅನ್ನುವವನು ಒಂದು ಕತ್ತಲು ಕೋಣೆಯಲ್ಲಿ ಹಂದಿ ಕೊಲ್ಲಲು ಒದ್ದಾಡುವ ದೃಶ್ಯ ಇದೆ. ಓಂ ಪುರಿ ಆ ಪಾತ್ರ ಮಾಡಿದ್ದಾರೆ. ಅದು ಮುಗಿಯುವುದೇ ಇಲ್ಲ. ಹಂದಿ ತಪ್ಪಿಸಿಕೊಳ್ಳುತ್ತದೆ, ಇವನು ಬೆವರುತ್ತಾನೆ, ಕೂರುತ್ತಾನೆ, ಮತ್ತೆ ಏಳುತ್ತಾನೆ. ನನ್ನ ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದವರು ಮೆಲ್ಲಗೆ ಕೇಳಿದರು: "ಪಾಪ, ಯಾಕೆ ಕೊಲ್ಲಿಸ್ತಿದಾರೆ ಅಂತ ಇವನಿಗೆ ಗೊತ್ತಿಲ್ಲ ಅಲ್ವೇನೋ?" ಮರುದಿನ ಬೆಳಿಗ್ಗೆ ಅದೇ ಹಂದಿ ಮಸೀದಿ ಮೆಟ್ಟಿಲ ಮೇಲೆ ಬಿದ್ದಿರುತ್ತದೆ, ಗಲಭೆ ಶುರುವಾಗುತ್ತದೆ. ಕಥೆಯ ಎಳೆ ಏನು ಅಂತ ಅಜ್ಜಿ ಆ ಕೋಣೆಯಲ್ಲೇ ಹಿಡಿದಿದ್ದರು. ನಿಧಾನ ಇದ್ದದ್ದರಿಂದಲೇ ಹಿಡಿದರು. ಮಾತು ಅರ್ಥ ಆಗದವರಿಗೆ ನೋಡಲು ಹೊತ್ತು ಬೇಕು.

'ತಮಸ್' ನಿಲ್ಲಿಸಿ ಅಂತ ಆಗ ಕೋರ್ಟಿಗೆ ಹೋಗಿದ್ದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಲೆಂಟಿನ್ ಮತ್ತು ಸುಜಾತಾ ಮನೋಹರ್, ಇಡೀ ಸಿನಿಮಾ ಕೂತು ನೋಡಿ, ತೋರಿಸಬಹುದು ಅಂದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇದು ಥಿಯೇಟರಿನಲ್ಲಿ ಮಾತ್ರ ಬಂದಿದ್ದರೆ ನನ್ನ ಅಜ್ಜಿ ನೋಡುತ್ತಲೇ ಇರಲಿಲ್ಲ. ದೂರದರ್ಶನ ಅದನ್ನು ನಮ್ಮ ಬೀದಿಗೆ ತಂದಿತು.

ಇನ್ನು ಹೆಗ್ಗೋಡಿನ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಸಾಗರ ತಾಲೂಕಿನ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಪುಣೆ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅಲ್ಲಿಗೆ ಬಂದು, ಸಿನಿಮಾ ನೋಡುವುದು ಹೇಗೆ ಅಂತ ಶಿಬಿರ ನಡೆಸಿದರು. ಜಗತ್ತಿನ ದೊಡ್ಡ ದೊಡ್ಡ ಸಿನಿಮಾಗಳನ್ನು ತೋಟದ ಕೆಲಸ ಮುಗಿಸಿ ಬಂದವರು ನೋಡಿದರು. 80ರ ದಶಕದಲ್ಲಿ ಜನಸ್ಪಂದನ ಅನ್ನುವ ಯೋಜನೆಯಲ್ಲಿ ನಾಟಕ, ಸಿನಿಮಾ ಎರಡನ್ನೂ ರಾಜ್ಯದ ಬೇರೆ ಬೇರೆ ಹಳ್ಳಿಗೆ ಒಯ್ದರು. ಆಗ ಸಿನಿಮಾ ಒಯ್ಯುವುದು ಅಂದರೆ ರೀಲಿನ ಡಬ್ಬ, ಪ್ರೊಜೆಕ್ಟರ್ ಹೊತ್ತುಕೊಂಡು ಹೋಗುವುದು. ಈಗ ಒಂದು ಪೆನ್‌ಡ್ರೈವ್ ಸಾಕು. ಒಯ್ಯುವುದು ಇಷ್ಟು ಹಗುರ ಆದಾಗ ಒಯ್ಯುವವರು ಯಾಕೆ ಕಡಿಮೆ ಆದರು?

ಕೊನೆಯದಾಗಿ ನಾನೇ ಮಾಡಿ ನೋಡಿದ ಒಂದು ಕೆಲಸ ಹೇಳುತ್ತೇನೆ. ನನ್ನ ಅಂಗಡಿಯ ಮೇಲೆ ಒಂದು ಹಾಲ್ ಇದೆ. ಕಣ್ಣಿನ ಕ್ಯಾಂಪ್ ಅಲ್ಲೇ ಮಾಡುತ್ತೇವೆ. ಹೋದ ವರ್ಷ ಒಂದು ಭಾನುವಾರ ಗುರುತಿನವರನ್ನೆಲ್ಲ ಕರೆದು ಅಲ್ಲಿ 'ದಿ ಲುಕ್ ಆಫ್ ಸೈಲೆನ್ಸ್' ಹಾಕಿದೆ. ಕನ್ನಡ ಸಬ್‌ಟೈಟಲ್ ಎಲ್ಲೂ ಸಿಗಲಿಲ್ಲ. ನಾನು ಮತ್ತು ಬಿಎ ಓದುವ ನನ್ನ ಅಕ್ಕನ ಮಗಳು ಮೂರು ವಾರ ರಾತ್ರಿ ಕೂತು ಇಂಗ್ಲಿಷ್ ಸಬ್‌ಟೈಟಲ್‌ಗಳನ್ನು ಕನ್ನಡಕ್ಕೆ ಬರೆದುಕೊಂಡೆವು. ಸಿನಿಮಾ ಓಡುವಾಗ ಅವಳು ಗೋಡೆ ಪಕ್ಕ ಟಾರ್ಚ್ ಹಿಡಿದು ಮೆಲ್ಲಗೆ ಓದುತ್ತಾ ಹೋದಳು. 26 ಜನ ಬಂದಿದ್ದರು. ಒಬ್ಬ ಟೈಲರ್, ಇಬ್ಬರು ಮೇಡಂ, ರಿಟೈರ್ ಆದ ಒಬ್ಬ ಬಸ್ ಕಂಡಕ್ಟರ್, ಪೊರೆ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದ ಒಬ್ಬ ಅಮ್ಮ. ಅರ್ಧಕ್ಕೆ ಕರೆಂಟ್ ಹೋಯಿತು. 20 ನಿಮಿಷ ಕತ್ತಲು. ಮುಗಿಯಿತು, ಎಲ್ಲರೂ ಹೋಗುತ್ತಾರೆ ಅಂದುಕೊಂಡೆ. ಒಬ್ಬರೂ ಕದಲಲಿಲ್ಲ. ಟೈಲರ್ ಕೆಳಗೆ ಹೋಗಿ ಟೀ ತಂದರು.

ಸಿನಿಮಾದಲ್ಲಿ ಆದಿಯ ತಾಯಿ ರೊಹಾನಿ, ಕಣ್ಣು ಕಾಣದ, ನೆನಪು ಹೋದ, ಮೂಳೆ ಚಕ್ಕಳವಾದ ಗಂಡನಿಗೆ ಸ್ನಾನ ಮಾಡಿಸುವುದನ್ನು ತೋರಿಸುತ್ತಾರೆ. ಯಾವ ಮಾತೂ ಇಲ್ಲ, ಚೊಂಬಿನಿಂದ ನೀರು ಹುಯ್ಯುವುದು, ಬೆನ್ನು ಉಜ್ಜುವುದು. ಉತ್ಸವದಲ್ಲಾದರೆ ಇಂಥ ಕಡೆಯೇ ಜನ ಮೊಬೈಲ್ ತೆಗೆಯುತ್ತಾರೆ. ನಮ್ಮ ಹಾಲ್‌ನಲ್ಲಿ ಆ ಅಮ್ಮ ತಮ್ಮ ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಮಗನ್ನ ಕಳಕೊಂಡು 50 ವರ್ಷ ಹೀಗೇ ಇದಾಳೆ ನೋಡು."

ಮುಗಿದ ಮೇಲೆ ಮಾತು ಶುರುವಾಯಿತು. ಅದು ಸಿನಿಮಾಕ್ಕಿಂತ ಜಾಸ್ತಿ ಹೊತ್ತು ನಡೆಯಿತು. ಸಿನಿಮಾದಲ್ಲಿ ಆದಿಗೆ ಒಬ್ಬ ಸೋದರಮಾವ ಇದ್ದಾನೆ. ರಾಮ್ಲಿಯನ್ನು ಕೂಡಿಹಾಕಿದ್ದ ಜೈಲಿಗೆ ಅವನು ಕಾವಲಿದ್ದ. ನಾನು ಯಾರನ್ನೂ ಕೊಲ್ಲಲಿಲ್ಲ, ಹೇಳಿದ ಕೆಲಸ ಮಾಡಿದೆ ಅನ್ನುತ್ತಾನೆ. ಕಂಡಕ್ಟರ್ ಅದನ್ನೇ ಹಿಡಿದರು. "ಅವನು ಕೊಲ್ಲಲಿಲ್ಲ, ಸರಿ. ಬಾಗಿಲು ಕಾಯ್ದಿದ್ದು ಅವನೇ ಅಲ್ವಾ?" ಅಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 40 ವರ್ಷದ ಹಿಂದೆ ತಮ್ಮ ಹಳ್ಳಿಯಲ್ಲಿ ಒಂದು ಕೇರಿಗೆ ಬೆಂಕಿ ಬಿದ್ದ ರಾತ್ರಿ ತಾವು ಎಲ್ಲಿ ನಿಂತಿದ್ದೆವು ಅಂತ ಹೇಳಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರ ಮಾತು. ನಾನು ಅವರಿಗೆ ಮೂರು ಸಲ ಕನ್ನಡಕ ಮಾಡಿಕೊಟ್ಟಿದ್ದೇನೆ. ನನ್ನ ಟ್ರಯಲ್ ಫ್ರೇಮ್ ಹಾಕಿಕೊಂಡು ಕೂತಾಗ ಒಂದು ದಿನವೂ ಇದನ್ನು ಹೇಳಿರಲಿಲ್ಲ.

ಸುಮಾತ್ರಾದ ಒಂದು ನದಿ ದಂಡೆಯಲ್ಲಿ ನಡೆದ ಕೊಲೆ ನಮ್ಮೂರಿನ ಒಬ್ಬರಿಗೆ ತಲುಪಿದ್ದು ಹೀಗೆ. ಎಲ್ಲ ನಿಧಾನದ ಸಿನಿಮಾವೂ ಹೀಗೆ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ನಿಧಾನವನ್ನೇ ಶೋಕಿ ಮಾಡಿಕೊಂಡು, ಸತ್ತವರ ಹೆಸರಲ್ಲಿ ಚೆಂದದ ಚಿತ್ರ ಹೊಸೆಯುವವರೂ ಇದ್ದಾರೆ. ಅಂಥ ಸಿನಿಮಾ ನೋಡಿ ನಾನೂ ನೊಂದುಕೊಂಡಿದ್ದೇನೆ. ಆರಿಸುವ ಕಣ್ಣು ನಿಮಗಿದೆ, ಆರಿಸಿ. ಆದರೆ ಆರಿಸಿದ ಮೇಲೆ ಅದನ್ನು ಜನರ ಹತ್ತಿರ ಒಯ್ಯುವ ಕೆಲಸವೂ ನಿಮ್ಮದೇ ಅಂತ ಕೇಳಿಕೊಳ್ಳುತ್ತೇನೆ.

ಮೊದಲು ಕನ್ನಡದ ಸಬ್‌ಟೈಟಲ್. ಇದಕ್ಕಿಂತ ಮುಖ್ಯವಾದದ್ದು ಇಲ್ಲ. ನಿಧಾನದ ಸಿನಿಮಾದಲ್ಲಿ ಮಾತು ಕಡಿಮೆ, ಹಾಗಾಗಿ ಕೆಲಸವೂ ಕಡಿಮೆ. ಬಿಎ ಓದುವ ಹುಡುಗಿ ಮೂರು ವಾರದಲ್ಲಿ ಮಾಡಿದಳು. ವರ್ಷಕ್ಕೆ ಐದು ಸಿನಿಮಾಕ್ಕೆ ಮಾಡಿಸಿ, ಸಾಕು. ಕನ್ನಡ ಎಂಎ ಓದುವ ಮಕ್ಕಳು ಎಷ್ಟು ಜನ ಇದ್ದಾರೆ, ಅವರಿಗೆ ನಾಲ್ಕು ಕಾಸು ಸಿಕ್ಕ ಹಾಗೂ ಆಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ನಮ್ಮ ಜನಕ್ಕೆ ಅರ್ಥವಾಗಲಿಲ್ಲ ಅನ್ನುವುದು ನ್ಯಾಯವಲ್ಲ.

ಪ್ರದರ್ಶನದ ಹಕ್ಕು ಕೇಳಿ ಪಡೆಯುವುದು ನಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ. ಅದನ್ನು ನೀವು ಮಾಡಿ. ಉತ್ಸವಕ್ಕೆ ಸಿನಿಮಾ ತರಿಸುವಾಗಲೇ ಹತ್ತು ತಾಲೂಕುಗಳಿಗೂ ಸೇರಿಸಿ ಅನುಮತಿ ಕೇಳಿ. ಚಂದನ ವಾಹಿನಿಯವರು ತಿಂಗಳಿಗೆ ಒಂದು ರಾತ್ರಿ ಇಂಥದ್ದಕ್ಕೆ ಬಿಟ್ಟುಕೊಡಬಹುದು. ಮುಗಿದ ಮೇಲೆ ಅರ್ಧ ಗಂಟೆ ಯಾರಾದರೂ ಕೂತು ಫೋನಿನಲ್ಲಿ ಜನರನ್ನು ಮಾತಾಡಿಸಲಿ. ಉತ್ಸವದಲ್ಲಿ ತೋರಿಸುವುದಾದರೆ ಸಂಜೆ ತೋರಿಸಿ, ಆಮೇಲೆ ಆ ಹಾಲನ್ನು ಒಂದು ಗಂಟೆ ಖಾಲಿ ಬಿಡಿ. ಜನ ಕೂರುತ್ತಾರೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು, ಜಾಗ ಮಾತ್ರ ಇರಲಿ.

ನಮ್ಮೂರಿನ ಜವಾಬ್ದಾರಿ ನನ್ನದು. ಹಾಲ್‌ನಲ್ಲಿ 40 ಕುರ್ಚಿ ಇವೆ, ಗೋಡೆಗೆ ಬಿಳಿ ಸುಣ್ಣ ಹೊಡೆಸಿದ್ದೇನೆ. ಭಾನುವಾರ ಅಂಗಡಿಗೆ ರಜೆ. ಕಂಡಕ್ಟರ್ ಹೋದ ವಾರ ಬಂದಿದ್ದರು, ಮುಂದಿನ ಸಿನಿಮಾ ಯಾವಾಗ ಅಂತ ಕೇಳಿದರು. ನಿಮ್ಮನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.

ವಂದನೆಗಳೊಂದಿಗೆ,
ತಾಲೂಕು ಊರಿನ ಒಬ್ಬ ಕನ್ನಡಕದ ಅಂಗಡಿಯವ